ಸೈಕಲ್ಲಿನಲ್ಲಿ ಕೆಲಸಕ್ಕೆ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರದ ಮನೆಯಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಆಫೀಸಿಗೆ ನಾನು ಆರು ವರ್ಷದಿಂದ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೇನೆ. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಸ್ಕೂಟರಿನವರು ಮಾತಾಡಿಸುತ್ತಾರೆ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸಹೋದ್ಯೋಗಿಗಳು ಕೇಳುತ್ತಾರೆ. ಮಂಡ್ಯದ ನೆಂಟರು ಫೋನ್ ಮಾಡಿ ವಿಚಾರಿಸುತ್ತಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅವರ ಮಾತಿನಲ್ಲೇ ಬರೆದುಕೊಂಡು, ನನಗೆ ಗೊತ್ತಿರುವಷ್ಟು ಉತ್ತರ ಕೊಟ್ಟಿದ್ದೇನೆ. ಹೊಸಬರಿಗೆ ಬೇಕಾದದ್ದು ಮೊದಲು, ಉಳಿದದ್ದು ಆಮೇಲೆ.

## ಶುರು ಮಾಡುವ ಮೊದಲು

ಇದೇನು ಮೇಡಂ, ಇದ್ದಕ್ಕಿದ್ದ ಹಾಗೆ ಎಲ್ಲರೂ ಸೈಕಲ್ ಹತ್ತುತ್ತಿದ್ದಾರೆ?

ಕಾರಣ ಒಂದೇ ಅಲ್ಲ. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಶುರುವಾಯಿತು. ಪ್ಯಾಂಟು ಶರ್ಟು ಹಾಕಿಕೊಂಡವರು ಸೈಕಲ್ ತುಳಿಯುವುದು ಆಗ ಮತ್ತೆ ಕಣ್ಣಿಗೆ ಬಿತ್ತು. 2020ರ ಲಾಕ್‌ಡೌನ್ ಸಮಯದಲ್ಲಿ ದೇಶದ ತುಂಬ ಸೈಕಲ್ಲಿಗೆ ಎಷ್ಟು ಬೇಡಿಕೆ ಬಂತೆಂದರೆ, ಅಂಗಡಿಗಳಲ್ಲಿ ಹೆಸರು ಬರೆಸಿ ಕಾಯಬೇಕಾಯಿತು. ಆಮೇಲೆ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿತು.

ಆದರೆ ಒಂದು ಮಾತು ಹೇಳಲೇಬೇಕು. ಸೈಕಲ್ಲು ನಮ್ಮೂರಿಂದ ಹೋಗಿಯೇ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಪೇಪರ್ ಹಾಕುವ ಹುಡುಗರು, ಕ್ಯಾನು ನೇತು ಹಾಕಿಕೊಂಡ ಹಾಲಿನವರು, ಕ್ಯಾರಿಯರ್ ಮೇಲೆ ಬಾಂಡ್ಲಿ ಕಟ್ಟಿಕೊಂಡ ಗಾರೆ ಕೆಲಸದವರು ಯಾವತ್ತೂ ಅದನ್ನು ಬಿಟ್ಟಿಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ, ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಅದರಲ್ಲೇ ಹೈಸ್ಕೂಲಿಗೆ ಹೋದರು. ಈಗ ಹೊಸದಾಗಿ ಸೇರಿಕೊಂಡಿರುವುದು ನಮ್ಮಂಥ ಆಫೀಸಿನವರು ಅಷ್ಟೆ. ಇವರೆಲ್ಲರಿಗೂ ಸೈಕಲ್ಲೆಂದರೆ ಕೆಲಸಕ್ಕೆ ಹೋಗುವ ಗಾಡಿ. ಮುಂದೆ ನಾನು ಹೇಳುವುದೆಲ್ಲ ಅದೇ ಲೆಕ್ಕದಲ್ಲಿ.

ಮನೆಯಿಂದ ಆಫೀಸಿಗೆ ಎಂಟು ಕಿಲೋಮೀಟರ್. ಆಗುತ್ತಾ?

ಆರಾಮಾಗಿ ಆಗುತ್ತದೆ. ಊರೊಳಗೆ ಅವಸರವಿಲ್ಲದೆ ತುಳಿದರೆ ಗಂಟೆಗೆ 12ರಿಂದ 15 ಕಿಲೋಮೀಟರ್ ಹೋಗಬಹುದು. ಎಂಟು ಕಿಲೋಮೀಟರಿಗೆ 35ರಿಂದ 40 ನಿಮಿಷ ಬೇಕು. ಮೊದಲ ವಾರ ಇನ್ನೊಂದು ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಹತ್ತು ಗಂಟೆಯ ಟ್ರಾಫಿಕ್ಕಿನಲ್ಲಿ ಸ್ಕೂಟರಿಗೂ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ ಅಲ್ವಾ? ವ್ಯತ್ಯಾಸ ಇರುವುದು ಆ ಹದಿನೈದು ನಿಮಿಷ ಮಾತ್ರ.

ಇಪ್ಪತ್ತು ವರ್ಷದಿಂದ ಸೈಕಲ್ ಮುಟ್ಟಿಲ್ಲ. ವಯಸ್ಸು ಐವತ್ತೆರಡು. ಈಗ ಶುರು ಮಾಡಬಹುದಾ?

ಮಾಡಬಹುದು. ಎದೆ ನೋವು, ತಲೆ ಸುತ್ತು, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಇಲ್ಲದಿದ್ದರೆ ಬಡಾವಣೆಯ ಪಾರ್ಕಿನ ಸುತ್ತ ಹತ್ತು ದಿನ ತುಳಿಯಿರಿ. ಕೈ ಬಿಟ್ಟು ಸನ್ನೆ ಮಾಡುವುದು, ಹಿಂದೆ ತಿರುಗಿ ನೋಡುವುದು, ತಟ್ಟನೆ ನಿಲ್ಲಿಸುವುದು, ಈ ಮೂರು ಸಲೀಸಾಗಿ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಆಫೀಸಿನ ತನಕ ಹೋಗಿ ಬನ್ನಿ. ಆಮೇಲೆ ವಾರಕ್ಕೆ ಎರಡೇ ದಿನ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೋಗಿ ಬರಲು ದಿನಕ್ಕೆ ಒಂದು ಗಂಟೆ ತುಳಿಯುವವರಿಗೆ ಮೂರು ದಿನದಲ್ಲೇ ಅಷ್ಟಾಗುತ್ತದೆ. ಬೇರೆ ಹೊತ್ತು ಹುಡುಕಬೇಕಿಲ್ಲ.

ಯಾವ ಸೈಕಲ್ ತಗೊಳ್ಳಲಿ ಅಕ್ಕಾ? ಗೇರ್ ಇರಲೇಬೇಕಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಅತಿ ಹೆಚ್ಚು ದುಡ್ಡು ಹಾಳಾಗುವುದೂ ಇಲ್ಲೇ.

ಮನೆಯಲ್ಲಿ ಮಕ್ಕಳ ಹಳೇ ಸೈಕಲ್ ಇದ್ದು, ಅಳತೆಗೆ ಸರಿಯಾಗುತ್ತಿದ್ದರೆ ಮೊದಲು ಅದನ್ನೇ ರಿಪೇರಿ ಮಾಡಿಸಿ. ಎರಡು ತಿಂಗಳು ತುಳಿಯಿರಿ. ನಿಮಗೆ ಏನು ಬೇಕು ಅನ್ನುವುದು ಆಗ ನಿಮಗೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತು ಅದು ಗೊತ್ತಾಗುವುದಿಲ್ಲ.

ಹೊಸದು ಕೊಳ್ಳುವುದಾದರೆ ಮೂರು ಬಗೆ. ಮೊದಲನೆಯದು ಕಪ್ಪು ಬಣ್ಣದ, ಗೇರಿಲ್ಲದ ದೊಡ್ಡ ಸೈಕಲ್. ಭಾರ ಜಾಸ್ತಿ, ಆದರೆ ಗಟ್ಟಿ. ಯಾವ ಮೂಲೆಯಲ್ಲೂ ರಿಪೇರಿ ಆಗುತ್ತದೆ. ಮಂಡ್ಯದಂಥ ಸಮತಟ್ಟು ಊರಿಗೆ ಇದು ಧಾರಾಳವಾಗಿ ಸಾಕು. ಎರಡನೆಯದು ದಪ್ಪ ಟಯರಿನ, ಮುಂದೆ ಸ್ಪ್ರಿಂಗಿರುವ ಬೆಟ್ಟದ ಸೈಕಲ್. ಹುಡುಗರಿಗೆ ಇದು ಇಷ್ಟ. ಆದರೆ ಡಾಂಬರು ರಸ್ತೆಯಲ್ಲಿ ಆ ಟಯರು ನೆಲ ಹಿಡಿದುಕೊಳ್ಳುತ್ತದೆ. ನಾವು ಪೆಡಲಿಗೆ ಹಾಕುವ ಶಕ್ತಿಯಲ್ಲಿ ಒಂದಷ್ಟನ್ನು ಸ್ಪ್ರಿಂಗು ತಿಂದುಬಿಡುತ್ತದೆ. ದಿನಾ ಆಫೀಸಿಗೆ ಹೋಗುವವರಿಗೆ ಇದನ್ನು ನಾನು ಹೇಳುವುದಿಲ್ಲ. ಮೂರನೆಯದು ಹೈಬ್ರಿಡ್. ಟಯರು ಮಧ್ಯಮ, ಹ್ಯಾಂಡಲ್ ನೆಟ್ಟಗೆ, ಏಳೆಂಟು ಗೇರು. ಮೈಸೂರಿನ ಏರಿಳಿತಕ್ಕೆ ಇದು ಒಳ್ಳೇ ಜೋಡಿ. ರೈಲ್ವೆ ಸ್ಟೇಷನ್ ಕಡೆಯಿಂದ ಯಾದವಗಿರಿಗೆ ಹತ್ತುವಾಗ ಗೇರಿನ ಬೆಲೆ ಗೊತ್ತಾಗುತ್ತದೆ.

ಯಾವುದೇ ತಗೊಳ್ಳಿ, ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು, ಲೈಟು, ಬೀಗ ಇರಬೇಕು. ಚೆಂದ ಕಾಣಲಿ ಎಂದು ಈಗಿನ ಎಷ್ಟೋ ಸೈಕಲ್ಲುಗಳನ್ನು ಇವಿಲ್ಲದೆ ಮಾರುತ್ತಾರೆ. ಭಾನುವಾರ ಚಾಮುಂಡಿ ಬೆಟ್ಟ ಹತ್ತಿ ಬರುವವರಿಗೆ ಅದು ನಡೆಯುತ್ತದೆ. ಊಟದ ಡಬ್ಬಿ ಹೊರುವವರಿಗೆ ನಡೆಯುವುದಿಲ್ಲ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಇವನ್ನೆಲ್ಲ ಹಾಕಿಸಿ, ಒಟ್ಟು ಬೆಲೆ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ದುಡ್ಡು ನಿಜವಾಗಿ ಉಳಿಯುತ್ತಾ?

ನನ್ನ ಲೆಕ್ಕವನ್ನೇ ಹೇಳುತ್ತೇನೆ. ಹೋಗಿ ಬರಲು 18 ಕಿಲೋಮೀಟರ್. ತಿಂಗಳಿಗೆ 24 ದಿನ. ಒಟ್ಟು 432 ಕಿಲೋಮೀಟರ್. ನನ್ನ ಸ್ಕೂಟರು ಲೀಟರಿಗೆ 45 ಕೊಡುತ್ತಿತ್ತು. ಅಂದರೆ ಒಂಬತ್ತೂವರೆ ಲೀಟರಿನ ಮೇಲೆ, ಸಾವಿರ ರೂಪಾಯಿ ಹತ್ತಿರ. ಸರ್ವಿಸ್ಸು, ಇನ್ಶೂರೆನ್ಸು ಬೇರೆ.

ಸೈಕಲ್ಲಿಗೂ ಖರ್ಚಿದೆ. ಬ್ರೇಕ್ ರಬ್ಬರು, ಟ್ಯೂಬು, ಕೆಲವು ವರ್ಷಕ್ಕೊಮ್ಮೆ ಚೈನು ಮತ್ತು ಟಯರು. ನನ್ನ ಸೈಕಲ್ಲಿನ ಬೆಲೆ ಒಂದೂವರೆ ವರ್ಷದೊಳಗೆ ಹುಟ್ಟಿಹೋಯಿತು. ಮಳೆ ದಿನ ಆಟೋ ಹತ್ತಿದ ದುಡ್ಡನ್ನು ಕಳೆದೇ ಈ ಮಾತು ಹೇಳುತ್ತಿದ್ದೇನೆ.

ಬೆವರಿಕೊಂಡು ಆಫೀಸಿಗೆ ಹೋದರೆ ಮುಜುಗರ ಆಗಲ್ವಾ?

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಮಾರ್ಚ್, ಏಪ್ರಿಲ್ ಬಿಟ್ಟರೆ ಬೆಳಿಗ್ಗೆ ಎಂಟೂವರೆಯ ತನಕ ಹವೆ ತಂಪು. ಬೆವರಿಗೆ ಮುಖ್ಯ ಕಾರಣ ಬಿಸಿಲಿಗಿಂತ ಅವಸರ. ಹತ್ತು ನಿಮಿಷ ಮೊದಲು ಹೊರಟು ನಿಧಾನ ತುಳಿದರೆ ಅರ್ಧ ಬೆವರು ಕಡಿಮೆ.

ಉಳಿದರ್ಧಕ್ಕೆ ಬ್ಯಾಗೇ ಕಾರಣ. ಬೆನ್ನಿಗೆ ಹಾಕಿಕೊಂಡರೆ ಅಂಗಿ ಅಂಟಿಕೊಳ್ಳುತ್ತದೆ. ಕ್ಯಾರಿಯರಿಗೆ ಕಟ್ಟಿ. ನಾನು ಹತ್ತಿ ಕುರ್ತಾದಲ್ಲಿ ಹೋಗಿ, ಗಾಡಿ ನಿಲ್ಲಿಸಿದ ಮೇಲೆ ಐದು ನಿಮಿಷ ನೆರಳಲ್ಲಿ ನಿಂತು, ಮುಖ ತೊಳೆದು, ಒದ್ದೆ ಟವಲಿನಲ್ಲಿ ಕತ್ತು ಕೈ ಒರೆಸಿಕೊಂಡು ಬಟ್ಟೆ ಬದಲಿಸುತ್ತೇನೆ. ಸೋಮವಾರವೇ ವಾರದ ಎರಡು ಜೊತೆ ಬಟ್ಟೆ ಆಫೀಸಿನ ಡ್ರಾಯರಿಗೆ ಸೇರುತ್ತದೆ.

ಸೀರೆ ಉಟ್ಟುಕೊಂಡು ತುಳಿಯೋಕಾಗುತ್ತಾ?

ನಡುವೆ ಅಡ್ಡಪಟ್ಟಿ ಇಲ್ಲದ ಲೇಡೀಸ್ ಸೈಕಲ್ಲಿನಲ್ಲಿ ಆಗುತ್ತದೆ. ನಮ್ಮ ಬೀದಿಯ ಅಂಗನವಾಡಿ ಟೀಚರ್ ದಿನಾ ಹಾಗೇ ಹೋಗುತ್ತಾರೆ. ಎರಡು ವಿಷಯ ನೋಡಿಕೊಳ್ಳಿ. ಚೈನಿಗೆ ಪೂರ್ತಿ ಮುಚ್ಚುವ ಕವರು ಇರಬೇಕು. ಹಿಂದಿನ ಚಕ್ರದ ಮೇಲರ್ಧಕ್ಕೆ ಜಾಲರಿ ಇರಬೇಕು. ಸೆರಗು, ದುಪಟ್ಟಾ ಎರಡನ್ನೂ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಕಡ್ಡಿಗೆ ಬಟ್ಟೆ ಸಿಕ್ಕಿಕೊಂಡರೆ ಬೀಳುವುದು ಕ್ಷಣದ ಮಾತು.

## ರಸ್ತೆಗೆ ಇಳಿದ ಮೇಲೆ

ಬಸ್ಸು, ಲಾರಿ ಮಧ್ಯೆ ಭಯ ಆಗಲ್ವಾ ಮೇಡಂ?

ಆಗುತ್ತದೆ. ಭಯ ಇರುವುದು ತಪ್ಪಲ್ಲ. ಅದನ್ನು ಕಡಿಮೆ ಮಾಡುವ ಮೊದಲ ದಾರಿ ಎಂದರೆ ದಾರಿಯನ್ನೇ ಬದಲಿಸುವುದು. ಸ್ಕೂಟರಿನ ದಾರಿ ಬೇರೆ, ಸೈಕಲ್ಲಿನ ದಾರಿ ಬೇರೆ.

ಮೊದಲ ತಿಂಗಳು ನಾನು ಸ್ಕೂಟರಿನ ಹಾಗೆ ದೊಡ್ಡ ರಸ್ತೆಯಲ್ಲೇ ಹೋಗುತ್ತಿದ್ದೆ. ದಿನಾ ಭುಜ ಬಿಗಿದುಕೊಂಡು ಮನೆ ಸೇರುತ್ತಿದ್ದೆ. ಈಗ ಸರಸ್ವತಿಪುರದ ಅಡ್ಡರಸ್ತೆಗಳಲ್ಲಿ ಹಾದು, ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಹುಣಸೂರು ರಸ್ತೆ ದಾಟಿ, ಒಂಟಿಕೊಪ್ಪಲು, ಗೋಕುಲಂ ಒಳರಸ್ತೆಗಳಲ್ಲಿ ಹೋಗುತ್ತೇನೆ. ಒಂದು ಕಿಲೋಮೀಟರಿನಷ್ಟು ಸುತ್ತು. ಆದರೆ ದಾರಿಯುದ್ದಕ್ಕೂ ಮರದ ನೆರಳಿದೆ. ಬಸ್ಸಿನ ಜೊತೆ ಹೋಗಬೇಕಾದದ್ದು ಕೊನೆಯ ಎರಡು ಕಿಲೋಮೀಟರ್ ಮಾತ್ರ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಮೇನ್, ಕ್ರಾಸ್ ಎಂದು ನೆಟ್ಟಗೆ ರಸ್ತೆಗಳಿರುವುದು ಸೈಕಲ್ಲಿನವರಿಗೆ ದೊಡ್ಡ ಅನುಕೂಲ.

ದೊಡ್ಡ ರಸ್ತೆಗೆ ಬಂದ ಮೇಲೆ ತೀರಾ ಅಂಚಿಗೆ ಹೋಗಬೇಡಿ. ಅಲ್ಲಿ ಜಲ್ಲಿ, ಮ್ಯಾನ್‌ಹೋಲು, ಚರಂಡಿಯ ಜಾಲರಿ ಇರುತ್ತವೆ. ತಪ್ಪಿಸಲು ತಟ್ಟನೆ ಬಲಕ್ಕೆ ಎಳೆದಾಗಲೇ ಹಿಂದಿನಿಂದ ಗುದ್ದುತ್ತಾರೆ. ಅಂಚಿನಿಂದ ಮೂರಡಿ ಒಳಗೆ, ಒಂದೇ ಗೆರೆಯಲ್ಲಿ ಹೋಗಿ. ನಿಂತ ಕಾರಿನ ಪಕ್ಕ ಹೋಗುವಾಗ ಬಾಗಿಲು ಪೂರ್ತಿ ತೆರೆದರೂ ತಗುಲದಷ್ಟು ದೂರ ಇಡಿ. ನಿಲ್ದಾಣದಲ್ಲಿ ನಿಂತ ಸಿಟಿ ಬಸ್ಸಿನ ಎಡಗಡೆ ಯಾವತ್ತೂ ನುಗ್ಗಬೇಡಿ. ಡ್ರೈವರ್ ಮುಖ ನಿಮಗೆ ಅವನ ಕನ್ನಡಿಯಲ್ಲಿ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ ಎಂದೇ ತಿಳಿಯಿರಿ.

ಮೈಸೂರಿನ ಸರ್ಕಲ್ಲುಗಳನ್ನು ದಾಟೋದೇ ಕಷ್ಟ. ಹೇಗೆ?

ಎಡಕ್ಕೆ ಅಥವಾ ನೇರಕ್ಕೆ ಹೋಗುವಾಗ ಅಷ್ಟು ತೊಂದರೆ ಇಲ್ಲ. ಕಷ್ಟ ಬಲಕ್ಕೆ ತಿರುಗುವಾಗ. ರಾಮಸ್ವಾಮಿ ಸರ್ಕಲ್, ಕೆ.ಆರ್. ಸರ್ಕಲ್ ಕಡೆ ಅನೇಕ ರಸ್ತೆಗಳು ಬಂದು ಕೂಡುತ್ತವೆ. ಅಲ್ಲಿ ಸರ್ಕಲ್ಲಿನ ಒಳಗಿರುವ ವಾಹನಕ್ಕೆ ಮೊದಲು ದಾರಿ ಬಿಡಿ. ಕಣ್ಣಿಗೆ ಕಣ್ಣು ಸೇರಿದ ಮೇಲೆ, ಬಲಗೈ ಪೂರ್ತಿ ಚಾಚಿ, ಆಮೇಲೆ ಒಳಗೆ ಹೋಗಿ. ಅರ್ಧ ಚಾಚಿದ ಕೈ ಯಾರಿಗೂ ಅರ್ಥವಾಗುವುದಿಲ್ಲ.

ಗಾಡಿಗಳು ಜಾಸ್ತಿ ಅನ್ನಿಸಿದರೆ ಇಳಿದು, ಸೈಕಲ್ ತಳ್ಳಿಕೊಂಡು, ನಡೆಯುವವರ ಜೊತೆ ರಸ್ತೆ ದಾಟಿ. ಎರಡು ನಿಮಿಷ ಹೋಗುತ್ತದೆ ಅಷ್ಟೆ. ದಸರಾ ಸಮಯದಲ್ಲಿ ಅರಮನೆ ಸುತ್ತ ಏಕಮುಖ ಸಂಚಾರ ಮಾಡುತ್ತಾರೆ. ಆ ಹತ್ತು ದಿನ ಸಂಜೆ ಆ ಕಡೆ ಹೋಗದಿರುವುದೇ ಒಳ್ಳೆಯದು.

ಹೆಲ್ಮೆಟ್ ಕಡ್ಡಾಯನಾ? ಲೈಸೆನ್ಸ್ ಏನಾದರೂ?

ಪೆಡಲ್ ಸೈಕಲ್ಲಿಗೆ ಡಿಎಲ್ ಬೇಡ, ಇನ್ಶೂರೆನ್ಸ್ ಬೇಡ. ಹಿಂದೆ ಮುನಿಸಿಪಾಲಿಟಿಯವರು ಸೈಕಲ್ಲಿಗೂ ಲೈಸೆನ್ಸ್ ಬಿಲ್ಲೆ ಕೊಡುತ್ತಿದ್ದ ಕಾಲ ಹಳಬರಿಗೆ ನೆನಪಿರುತ್ತದೆ. ಈಗ ಅದಿಲ್ಲ. ಹೆಲ್ಮೆಟ್ಟಿಗೂ ಕಾನೂನಿನ ಒತ್ತಾಯ ಇಲ್ಲ. ಆದರೂ ಹಾಕಿ. ಕಾನೂನು ಇಲ್ಲ ಎಂದ ಮಾತ್ರಕ್ಕೆ ರಸ್ತೆ ಮೆತ್ತಗಾಗುವುದಿಲ್ಲ.

ಮಳೆ ಬಂದರೆ ಏನು ಮಾಡ್ತೀರಾ?

ನಮ್ಮಲ್ಲಿ ದಿನವಿಡೀ ಸುರಿಯುವ ಮಳೆ ಕಡಿಮೆ. ಏಪ್ರಿಲ್, ಮೇ ತಿಂಗಳಿನಲ್ಲೂ, ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಸಂಜೆ ಗುಡುಗಿನೊಂದಿಗೆ ಜೋರು ಮಳೆ. ಮುಕ್ಕಾಲು ಗಂಟೆ ಕಾದರೆ ಬಹುಪಾಲು ನಿಂತಿರುತ್ತದೆ. ಮಿಂಚು ಇರುವಾಗ ಹೊರಡಲೇಬೇಡಿ, ಮರದ ಕೆಳಗೂ ನಿಲ್ಲಬೇಡಿ.

ನಾನು ಬಿದ್ದದ್ದು ಮಳೆಯಲ್ಲಿ ಅಲ್ಲ, ಮಳೆ ನಿಂತ ಮೇಲೆ. ಮೇ ತಿಂಗಳ ಸಂಜೆ. ರಸ್ತೆ ತುಂಬ ಗುಲ್‌ಮೊಹರ್ ಹೂವು ಉದುರಿ ಕೆಂಪಗೆ ಹಾಸಿಕೊಂಡಿತ್ತು. ನೋಡಲು ಎಷ್ಟು ಚೆಂದ! ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ. ಒದ್ದೆ ಎಸಳು ಸೋಪಿನ ಹಾಗೆ ಜಾರಿತು. ಮೊಣಕೈ ಚರ್ಮ ಕಿತ್ತುಬಂತು. ಹೂವಿನ ಎಸಳು ರಕ್ತಕ್ಕೆ ಅಂಟಿಕೊಂಡು, ಯಾವುದು ಗಾಯ ಯಾವುದು ಹೂವು ತಿಳಿಯಲಿಲ್ಲ. ಎದುರು ಮನೆಯ ಅಜ್ಜಿಯೊಬ್ಬರು ಚೊಂಬಿನಲ್ಲಿ ನೀರು ತಂದು ತೊಳೆದರು. ಅಂದಿನಿಂದ ಒದ್ದೆ ಎಲೆ, ಹೂವು, ರಸ್ತೆಯ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ ಇವುಗಳ ಮೇಲೆ ನಾನು ಬ್ರೇಕ್ ಹಿಡಿಯುವುದಿಲ್ಲ, ತಿರುಗಿಸುವುದೂ ಇಲ್ಲ. ಮೊದಲೇ ವೇಗ ಇಳಿಸಿ, ನೆಟ್ಟಗೆ ದಾಟುತ್ತೇನೆ.

ರಿಮ್ಮಿಗೆ ಕಚ್ಚುವ ಬ್ರೇಕು ಒದ್ದೆಯಾದಾಗ ತಡವಾಗಿ ಹಿಡಿಯುತ್ತದೆ. ಹಗುರಾಗಿ ಒಮ್ಮೆ ಒತ್ತಿ ನೀರು ಒರೆಸಿಕೊಂಡು, ಆಮೇಲೆ ಸರಿಯಾಗಿ ಒತ್ತಿ. ಉದ್ದ ರೇನ್‌ಕೋಟು ಚೈನಿಗೆ ಸಿಕ್ಕುತ್ತದೆ. ಜಾಕೆಟ್ಟು, ಪ್ಯಾಂಟು ಬೇರೆ ಬೇರೆ ಇರುವುದನ್ನು ಕೊಳ್ಳಿ. ನೀರು ನಿಂತ ಗುಂಡಿಗೆ ಇಳಿಯಬೇಡಿ. ಅದರ ಆಳ ಯಾರಿಗೂ ಗೊತ್ತಿರುವುದಿಲ್ಲ.

ನಾಯಿ ಅಟ್ಟಿಸಿಕೊಂಡು ಬಂದರೆ?

ಜೋರಾಗಿ ತುಳಿದರೆ ಅದೂ ಜೋರಾಗಿ ಓಡುತ್ತದೆ. ನಿಧಾನ ಮಾಡಿ, ಗಟ್ಟಿ ದನಿಯಲ್ಲಿ ಗದರಿಸಿ. ಬಿಡದಿದ್ದರೆ ಇಳಿದು, ನಿಮಗೂ ನಾಯಿಗೂ ಮಧ್ಯೆ ಸೈಕಲ್ ಬರುವ ಹಾಗೆ ಹಿಡಿದುಕೊಂಡು ನಡೆಯಿರಿ. ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

## ಸೈಕಲ್ಲಿನ ಆರೈಕೆ

ತುಳಿಯೋಕೆ ತುಂಬ ಭಾರ, ಮಂಡಿ ಬೇರೆ ನೋಯುತ್ತೆ. ಸೈಕಲ್ಲೇ ಸರಿಯಿಲ್ವಾ?

ಹತ್ತರಲ್ಲಿ ಎಂಟು ಜನರ ಸೈಕಲ್ಲು ಸರಿಯಾಗಿಯೇ ಇರುತ್ತದೆ. ಸೀಟು ತಗ್ಗಾಗಿರುತ್ತದೆ, ಗಾಳಿ ಕಡಿಮೆ ಇರುತ್ತದೆ. ಅಷ್ಟೆ.

ಗೋಡೆಗೆ ಕೈ ಕೊಟ್ಟು ಸೀಟಿನ ಮೇಲೆ ಕೂತುಕೊಳ್ಳಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಈಗ ಹಿಮ್ಮಡಿ ತೆಗೆದು, ಬೆರಳುಗಳ ಬುಡದ ಉಬ್ಬು ಪೆಡಲಿಗೆ ಬರುವ ಹಾಗೆ ಇಡಿ. ಮಂಡಿ ಚೂರೇ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಕೂತಲ್ಲಿಂದ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು ಎಂದು ಸೀಟು ಇಳಿಸಿಕೊಳ್ಳುವುದರಿಂದಲೇ ಎಷ್ಟೋ ಜನಕ್ಕೆ ಮಂಡಿ ನೋವು. ನಿಲ್ಲಿಸುವಾಗ ಸೀಟಿನಿಂದ ಮುಂದೆ ಇಳಿದು ಒಂದು ಕಾಲು ಊರುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಗೇರ್ ಸೈಕಲ್ಲಿನಲ್ಲಿ ಇನ್ನೊಂದು ತಪ್ಪು ಇದೆ. ಭಾರದ ಗೇರಿನಲ್ಲಿ ಹಲ್ಲು ಕಚ್ಚಿ ಒತ್ತುವುದು. ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸುತ್ತು ಪೆಡಲ್ ಹಗುರಾಗಿ ತಿರುಗುವಂಥ ಗೇರ್ ಹಾಕಿ. ಏರು ಬರುವ ಮೊದಲೇ ಬದಲಿಸಿ. ಏರಿನ ನಡುವೆ ಒತ್ತಿ ತುಳಿಯುತ್ತಾ ಬದಲಿಸಿದರೆ ಚೈನು ಕಟಕಟ ಎಂದು ಕಳಚುತ್ತದೆ.

ಗಾಳಿ ಎಷ್ಟು ಹೊಡೆಸಬೇಕು? ಪೆಟ್ರೋಲ್ ಬಂಕಲ್ಲಿ ಹೊಡೆಸಬಹುದಾ?

ಟಯರಿನ ಪಕ್ಕದಲ್ಲೇ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಲೆಕ್ಕದಲ್ಲಿ ಬರೆದಿರುತ್ತದೆ. ದಪ್ಪ ಟಯರಿಗೆ ಸಾಮಾನ್ಯವಾಗಿ 40ರಿಂದ 65, ಹೈಬ್ರಿಡ್ಡಿಗೆ 50ರಿಂದ 75ರ ಆಸುಪಾಸು. ಕಾರಿನ ಹಾಗೆ 30 ಹೊಡೆಸಿದರೆ ಮೆತ್ತಗಿರುತ್ತದೆ, ಬೇಗ ಪಂಕ್ಚರ್ ಆಗುತ್ತದೆ.

ಸ್ಕೂಟರಿನ ಥರದ ದಪ್ಪ ವಾಲ್ವ್ ಇದ್ದರೆ ಬಂಕಿನಲ್ಲಿ ಹಿಡಿಯುತ್ತದೆ. ಆದರೆ ಸೈಕಲ್ ಟ್ಯೂಬು ಸಣ್ಣದು, ಕ್ಷಣದಲ್ಲಿ ತುಂಬಿಬಿಡುತ್ತದೆ. ಹುಷಾರು. ತೆಳ್ಳನೆಯ ವಾಲ್ವಿಗೆ ಚಿಕ್ಕ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮನೆಯಲ್ಲಿ ಮೀಟರಿರುವ ಕಾಲುಪಂಪು ಒಂದು ಇಟ್ಟುಕೊಳ್ಳುವುದು. ಸೈಕಲ್ ಬಿಟ್ಟರೆ ನಾನು ಕೊಂಡದ್ದರಲ್ಲಿ ಅತಿ ಉಪಯೋಗಕ್ಕೆ ಬಂದ ವಸ್ತು ಅದೇ.

ಚೈನಿಗೆ ಮನೆಯಲ್ಲಿರೋ ಕೊಬ್ಬರಿ ಎಣ್ಣೆ ಹಾಕಬಹುದಾ?

ಬೇಡ. ಧೂಳು ಹಿಡಿದು ಮೇಣದ ಹಾಗಾಗುತ್ತದೆ. ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಚೈನಿನಲ್ಲೂ ಹೆಪ್ಪುಗಟ್ಟುತ್ತದೆ. ಚೈನಿನ ಎಣ್ಣೆಯನ್ನೇ ಕೊಳ್ಳಿ. ಮೊದಲು ಹಳೇ ಬಟ್ಟೆಯಲ್ಲಿ ಚೈನು ಒರೆಸಿ. ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಬಿಡಿ. ಹತ್ತು ನಿಮಿಷ ಬಿಟ್ಟು ಮೇಲಿನದನ್ನು ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ಕೊಂಡಿಯ ಒಳಗೆ. ಹೊರಗೆ ಉಳಿದದ್ದು ಪ್ಯಾಂಟಿಗೆ ಮೆತ್ತುತ್ತದೆ. ತಿಂಗಳಿಗೊಮ್ಮೆ ಸಾಕು, ಮಳೆಗಾಲದಲ್ಲಿ ವಾರಕ್ಕೊಮ್ಮೆ.

ದಾರಿಯಲ್ಲಿ ಪಂಕ್ಚರ್ ಆದರೆ ಆಫೀಸಿಗೆ ಲೇಟಾಗುತ್ತಲ್ಲ?

ನನಗೆ ವರ್ಷಕ್ಕೆ ಮೂರು ನಾಲ್ಕು ಸಲ ಆಗುತ್ತದೆ. ಒಂದು ಟ್ಯೂಬು, ಟಯರು ಬಿಡಿಸುವ ಎರಡು ಪ್ಲಾಸ್ಟಿಕ್ ಪಟ್ಟಿ, ಒಂದು ಕೈ ಪಂಪು ಸೀಟಿನ ಕೆಳಗಿನ ಚೀಲದಲ್ಲಿ ಇರುತ್ತವೆ. ದಾರಿಯಲ್ಲಿ ಪ್ಯಾಚ್ ಹಾಕಲು ಹೋಗಬೇಡಿ. ಟ್ಯೂಬು ಬದಲಿಸಿ, ಹಳೆಯದಕ್ಕೆ ಮನೆಯಲ್ಲಿ ಪ್ಯಾಚ್ ಹಾಕಿ. ಹೊಸ ಟ್ಯೂಬು ಹಾಕುವ ಮೊದಲು ಟಯರಿನ ಒಳಗೆ ಬೆರಳಾಡಿಸಿ, ಮುಳ್ಳು, ತಂತಿ ಚೂರು ಇದ್ದರೆ ಕೀಳಬೇಕು. ಇದನ್ನು ಮರೆತು ಒಂದೇ ಬೆಳಿಗ್ಗೆ ಎರಡು ಟ್ಯೂಬು ಕಳೆದುಕೊಂಡವರು ಬಹಳ ಜನ.

ಕೈಯಲ್ಲಿ ಆಗದಿದ್ದರೆ ನಿಮ್ಮ ದಾರಿಯ ಸೈಕಲ್ ಶಾಪುಗಳು ಎಷ್ಟು ಗಂಟೆಗೆ ತೆರೆಯುತ್ತವೆ ಎಂದು ತಿಳಿದಿಟ್ಟುಕೊಳ್ಳಿ. ಒಂದು ಕಾಲಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ಅವು. ನಮ್ಮಲ್ಲಿ ಎಷ್ಟೋ ಜನ ಒಳಪೆಡಲ್ ಹೊಡೆದು ಕಲಿತದ್ದು ಆ ಬಾಡಿಗೆ ಸೈಕಲ್ಲಿನಲ್ಲೇ. ನನ್ನ ದಾರಿಯಲ್ಲಿರುವ ಯಜಮಾನರಿಗೆ ಎಪ್ಪತ್ತು ದಾಟಿದೆ. ನೀರಿನ ಬಾಣಲೆಯಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಬರುವ ಜಾಗಕ್ಕೆ ಬೆಂಕಿಕಡ್ಡಿ ಚುಚ್ಚಿ ಗುರುತು ಇಟ್ಟುಕೊಳ್ಳುತ್ತಾರೆ. ಆ ಕೈಗೆ ಕೆಲಸ ಕೊಡಿ. ಆನ್‌ಲೈನಿನಲ್ಲಿ ಸೈಕಲ್ ಕೊಂಡವರೂ ರಿಪೇರಿಗೆ ಕೊನೆಗೆ ಅವರ ಹತ್ತಿರವೇ ಬರಬೇಕು.

ಬೀಗ ಹಾಕಿದ್ದರೂ ಕದ್ದುಕೊಂಡು ಹೋಗ್ತಾರಂತಲ್ಲ?

ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ ಹೊತ್ತುಕೊಂಡೇ ಹೋಗುತ್ತಾರೆ. ಫ್ರೇಮನ್ನೂ ಹಿಂದಿನ ಚಕ್ರವನ್ನೂ ಸೇರಿಸಿ, ಕಂಬಕ್ಕೋ ಗೇಟಿಗೋ ಬೀಗ ಹಾಕಿ. ಪೆಡಲ್ ಜೋಡಿಸಿರುವ ಜಾಗದ ಕೆಳಗೆ ಫ್ರೇಮಿನ ಮೇಲೆ ಒಂದು ನಂಬರು ಕೊರೆದಿರುತ್ತದೆ. ಅದರ ಫೋಟೊ, ಬಿಲ್ಲು ಎರಡೂ ಫೋನಿನಲ್ಲಿರಲಿ. ದೂರು ಕೊಡಲು ಹೋದಾಗ ಮೊದಲು ಕೇಳುವುದು ಅದನ್ನೇ.

## ಊರಾಚೆ, ಕತ್ತಲಲ್ಲಿ, ಆಫೀಸಿನಲ್ಲಿ

ಕೊಂಡುಕೊಳ್ಳೋ ಮೊದಲು ಟ್ರಿಣ್ ಟ್ರಿಣ್‌ನಲ್ಲಿ ಪ್ರಯತ್ನ ಮಾಡಬಹುದಾ?

ಮಾಡಬಹುದು. ಶುರುವಾದಾಗ 48 ನಿಲ್ದಾಣ, 450 ಸೈಕಲ್ ಇದ್ದವು. ಒಂದು ನಿಲ್ದಾಣದಲ್ಲಿ ತೆಗೆದು ಇನ್ನೊಂದರಲ್ಲಿ ಬಿಡುವ ಪದ್ಧತಿ. ಬಸ್ಸಿನಲ್ಲೋ ರೈಲಿನಲ್ಲೋ ಬಂದು ಕೊನೆಯ ಎರಡು ಮೂರು ಕಿಲೋಮೀಟರ್ ಹೋಗುವವರಿಗೆ ಇದು ಹೇಳಿ ಮಾಡಿಸಿದ್ದು. ನಿಮ್ಮ ಆಫೀಸಿನ ಹತ್ತಿರ ಈಗ ನಿಲ್ದಾಣ ಇದೆಯಾ, ಅದರಲ್ಲಿ ನಿಮ್ಮ ಹೊತ್ತಿಗೆ ಸೈಕಲ್ ಇರುತ್ತಾ, ಈ ಎರಡನ್ನು ಎರಡು ದಿನ ಕಣ್ಣಾರೆ ನೋಡಿ ತೀರ್ಮಾನಿಸಿ.

ಅಲ್ಲ ಕಣಕ್ಕಾ, ನಮ್ಮ ಮಂಡ್ಯದಲ್ಲಿ ಹೈವೇ ಮೇಲೆ ಸೈಕಲ್ ಬಿಡಲ್ವಲ್ಲ, ನಾವೇನ್ ಮಾಡಾದು?

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ ಎಲ್ಲಕ್ಕೂ ನಿಷೇಧ. ಆ ವೇಗದ ಪಕ್ಕ ಸೈಕಲ್ ತುಳಿಯುವುದು ಜೀವಕ್ಕೇ ಅಪಾಯ. ಹಾಗಾಗಿ ನಿಷೇಧ ಸರಿ ಎಂದೇ ನನ್ನ ಅಭಿಪ್ರಾಯ. ನಮಗೆ ಉಳಿದಿರುವುದು ಸರ್ವಿಸ್ ರಸ್ತೆ. ಅಲ್ಲಿ ಎದುರಿನಿಂದ ಬರುವ ಗಾಡಿಗಳೇ ದೊಡ್ಡ ತೊಂದರೆ. ಎಡ ಬಿಡಬೇಡಿ.

ಮಂಡ್ಯ ಪೇಟೆಯೊಳಗೆ ಕೆಲಸ ಇರುವವರಿಗೆ ಈ ಚಿಂತೆಯೇ ಇಲ್ಲ. ವಿದ್ಯಾನಗರದಿಂದಾಗಲಿ, ಗುತ್ತಲು ಕಡೆಯಿಂದಾಗಲಿ ಊರಿನ ಇನ್ನೊಂದು ತುದಿಗೆ ಅರ್ಧ ಗಂಟೆಯೊಳಗೆ ತಲುಪಬಹುದು. ನೆಲ ಸಮತಟ್ಟು. ಸೈಕಲ್ಲಿಗೆ ಮೈಸೂರಿಗಿಂತ ಮಂಡ್ಯವೇ ಒಳ್ಳೇ ಊರು ಎಂದು ನಾನು ನಂಬಿದ್ದೇನೆ. ದಿನಾ ಮೈಸೂರಿಗೆ ಬರುವವರಿಗೆ ಸುಮಾರು 45 ಕಿಲೋಮೀಟರ್ ತುಳಿಯುವುದು ಆಗದ ಮಾತು. ಮನೆಯಿಂದ ಸ್ಟೇಷನ್ನಿಗೆ ಸೈಕಲ್, ಅಲ್ಲಿಂದ ರೈಲು. ನನ್ನ ಚಿಕ್ಕಪ್ಪ ಮೂವತ್ತು ವರ್ಷ ಹಾಗೇ ಮಾಡಿದರು.

ಕಬ್ಬಿನ ಹಂಗಾಮಲ್ಲಿ ಕತ್ತಲಾದ್ಮೇಲೆ ಬರೋದು ಹೆಂಗೆ?

ಮಂಡ್ಯ 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು. ಕಬ್ಬಿನ ಗಾಡಿ ಇಲ್ಲದ ರಸ್ತೆ ಇರುವುದಿಲ್ಲ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಎಷ್ಟೋ ಸಲ ಒಂದು ಕೆಂಪು ದೀಪವೂ ಇರುವುದಿಲ್ಲ. ಕೆಟ್ಟು ನಿಂತಿದ್ದರಂತೂ ಕತ್ತಲಲ್ಲಿ ಗೋಡೆಯ ಹಾಗೆ ಎದುರಾಗುತ್ತದೆ. ಇಲ್ಲಿ ನಿಮಗೆ ಎರಡು ಥರದ ಬೆಳಕು ಬೇಕು. ನೀವು ಬೇರೆಯವರಿಗೆ ಕಾಣಲು ಹಿಂದೆ ಕೆಂಪು ದೀಪ. ನಿಮಗೆ ರಸ್ತೆ ಕಾಣಲು ಮುಂದೆ ಬಿಳಿ ದೀಪ. ಮುಂದಿನದು ಇಪ್ಪತ್ತು ಅಡಿ ದೂರದ ನೆಲ ತೋರಿಸುವ ಹಾಗೆ ಬಗ್ಗಿರಲಿ, ಎದುರಿನವರ ಕಣ್ಣಿಗೆ ಹೊಡೆಯಬಾರದು. ಪೆಡಲಿಗೆ ಹೊಳೆಯುವ ಪಟ್ಟಿ ಅಂಟಿಸಿ. ಮೇಲೆ ಕೆಳಗೆ ಆಡುವ ಹೊಳಪು ಕಂಡರೆ ಇದು ಸೈಕಲ್ಲು ಎಂದು ಹಿಂದಿನವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಕಬ್ಬಿನ ಲೋಡಿನ ಹಿಂದೆ ಅಂಟಿಕೊಂಡು ಹೋಗಬೇಡಿ. ಜಲ್ಲೆ ಜಾರಿ ಬೀಳುತ್ತದೆ. ರಸ್ತೆಗೆ ಬಿದ್ದ ಜಲ್ಲೆಯ ಮೇಲೆ ಚಕ್ರ ಹತ್ತಿದರೆ ಹ್ಯಾಂಡಲ್ ಕೈಗೆ ಸಿಗುವುದಿಲ್ಲ.

ಬ್ಯಾಟರಿ ಸೈಕಲ್ ತಗೊಂಡ್ರೆ ರಿಜಿಸ್ಟ್ರೇಶನ್ ಬೇಕಾ?

ಮೋಟರಿನ ಶಕ್ತಿ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ನಿಯಮದ ಪ್ರಕಾರ ಅದು ಮೋಟಾರು ವಾಹನ ಅಲ್ಲ. ರಿಜಿಸ್ಟ್ರೇಶನ್ ಬೇಡ, ಡಿಎಲ್ ಬೇಡ. ಅಂಗಡಿಯವರು ಬಾಯಲ್ಲಿ ಹೇಳಿದರೆ ಸಾಲದು, ಕಾಗದದಲ್ಲಿ ಇದೆಯಾ ನೋಡಿ. ಮಂಡಿ ನೋವಿನವರಿಗೆ, ದಿನಾ ಹದಿನೈದು ಕಿಲೋಮೀಟರಿಗಿಂತ ದೂರ ಹೋಗುವವರಿಗೆ ಇದು ಒಳ್ಳೆಯದು. ಬ್ಯಾಟರಿ ಬಿಚ್ಚಿಕೊಂಡು ಒಳಗೆ ಒಯ್ಯಲು ಬರುವ ಮಾದರಿಯನ್ನೇ ಆರಿಸಿ. ಚಾರ್ಜ್ ಮುಗಿದರೆ ತುಳಿಯಲು ಬಹಳ ಭಾರ ಅನ್ನುವುದು ನೆನಪಿರಲಿ.

ನಮ್ಮ ಕಂಪನಿ ಗೇಟಲ್ಲಿ ಸೈಕಲ್ ಒಳಗೆ ಬಿಡಲ್ಲ ಅಂತಾರೆ. ಏನು ಮಾಡಲಿ?

ನನಗೂ ಹೀಗೇ ಆಗಿತ್ತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಕಾರಿಗೆ ನೆರಳು, ಬೈಕಿಗೆ ಶೀಟು ಇತ್ತು. ಸೈಕಲ್ಲಿನವರು ಕಾಂಪೌಂಡಿನ ಹೊರಗೆ ಚರಂಡಿ ಪಕ್ಕ ನಿಲ್ಲಿಸಬೇಕಿತ್ತು. ನಾನು ಅಧಿಕಾರಿ ವರ್ಗದವಳು ಎಂದು ತಿಳಿದ ಮೇಲೆ ಸೆಕ್ಯುರಿಟಿಯವರು ನನ್ನೊಬ್ಬಳ ಸೈಕಲ್ಲನ್ನು ಒಳಗೆ ಬಿಟ್ಟರು. ಹೌಸ್‌ಕೀಪಿಂಗ್ ಮಾಡುವ ಹನ್ನೊಂದು ಜನರ ಸೈಕಲ್ಲುಗಳು ಮಾತ್ರ ಹೊರಗೇ ನಿಂತವು. ಅವತ್ತು ನನಗೆ ಆದ ಸಂಕಟ ಇನ್ನೂ ಹೋಗಿಲ್ಲ.

ಹಾಗಾಗಿ ಒಬ್ಬರೇ ಕೇಳಬೇಡಿ. ಸೈಕಲ್ಲಿನಲ್ಲಿ ಬರುವವರೆಲ್ಲರ ಹೆಸರು ಬರೆಯಿರಿ, ಗುತ್ತಿಗೆ ಕೆಲಸದವರನ್ನೂ ಸೇರಿಸಿ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ ಎಂದು ಅಳತೆ ಮಾಡಿ ತೋರಿಸಿ. ಗೋಡೆಗೆ ಒಂದು ಕಬ್ಬಿಣದ ಪೈಪು, ಮೇಲೊಂದು ಶೀಟು ಸಾಕು. ನಾವು ಬರೆದುಕೊಟ್ಟ ಅರ್ಜಿಗೆ ಉತ್ತರ ಬರಲು ಏಳು ತಿಂಗಳು ಬೇಕಾಯಿತು. ಆದರೆ ಶೀಟು ಬಂತು, ಎಲ್ಲರಿಗೂ ಬಂತು.

ಸೈಕಲ್ಲಿಗೆ ಅಂತ ಬೇರೆ ರಸ್ತೆ ಮಾಡಿದರೆ ಎಲ್ಲಾ ಸರಿಹೋಗುತ್ತಾ?

ಬರೀ ಬಣ್ಣ ಬಳಿದರೆ ಸರಿಹೋಗುವುದಿಲ್ಲ. ಬಣ್ಣ ಬಳಿದ ಪಟ್ಟಿ ಮಾರನೇ ದಿನವೇ ಕಾರು ನಿಲ್ಲಿಸುವ ಜಾಗ ಆಗುತ್ತದೆ. ಬೇರೆ ಪಥ ಬೇಕಾಗಿರುವುದು ವೇಗ ಜಾಸ್ತಿ ಇರುವ ಕಡೆ ಮಾತ್ರ. ರಿಂಗ್ ರೋಡು, ಹುಣಸೂರು ರಸ್ತೆ, ಕೈಗಾರಿಕಾ ಪ್ರದೇಶದ ದೊಡ್ಡ ರಸ್ತೆಗಳು ಅಂಥವು. ಅಲ್ಲಿ ಕಟ್ಟೆ ಕಟ್ಟಿ ಬೇರ್ಪಡಿಸಿದ ಪಥವೇ ಆಗಬೇಕು. ಬಡಾವಣೆಯ ಒಳಗೆ ಅದೂ ಬೇಡ. ಗಾಡಿಗಳ ವೇಗ 30ಕ್ಕೆ ಇಳಿದರೆ ಸಾಕು, ಎಲ್ಲರೂ ಒಟ್ಟಿಗೆ ಹೋಗಬಹುದು.

ಪಥ ಎಲ್ಲಿ ಬೇಕು ಎಂದು ತೀರ್ಮಾನಿಸುವ ಮೊದಲು ಬೆಳಿಗ್ಗೆ ಆರಕ್ಕೆ, ರಾತ್ರಿ ಹತ್ತಕ್ಕೆ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿನಲ್ಲಿ ಸೈಕಲ್ಲುಗಳನ್ನು ಎಣಿಸಬೇಕು. ಭಾನುವಾರದ ಸೈಕಲ್ ಜಾಥಾದಲ್ಲಿ ಎಣಿಸಿದರೆ ನಿಜವಾದ ಲೆಕ್ಕ ಸಿಗುವುದಿಲ್ಲ. ಕಳೆದ ತಿಂಗಳು ನಾವು ಐದು ಜನ ಸೇರಿ, ನಮ್ಮ ಆಫೀಸಿನ ಹತ್ತಿರದ ಜಂಕ್ಷನ್ನಿನಲ್ಲಿ ನಾಲ್ಕು ದಿನ ಬೆಳಿಗ್ಗೆ ನಿಂತು ಎಣಿಸಿದ್ದೇವೆ. ಆ ಪಟ್ಟಿಯನ್ನು ವಾರ್ಡಿನ ಎಂಜಿನಿಯರಿಗೆ ಕೊಡಲು ಬರುವ ಬುಧವಾರ ಹೋಗುತ್ತಿದ್ದೇವೆ. ನಿಮ್ಮ ದಾರಿಯಲ್ಲೂ ಎಣಿಸಿ. ಒಂದು ಪೆನ್ನು, ಒಂದು ಹಾಳೆ, ಒಂದು ಗಂಟೆ ಸಾಕು.